ಚಾಕರಿ ತೀರಿದ ಮೇಲೆ ಕಾದಂಬರಿ

ಸರಕಾರಿ ಚಾಕರಿಯಿಂದ ನಿವೃತ್ತರಾದ ಗೃಹಸ್ಥರೊಬ್ಬರು ಪ್ರಣಯದ ಕಾದಂಬರಿ ಬರೆಯಲು ಕುಳಿತರೆಂದರೆ ನಮ್ಮ ಪಟ್ಟಣಗಳ ಸಭ್ಯ ಸಮಾಜವು ಮುಸಿಮುಸಿ ನಗುವದು. ತೀರ್ಥಯಾತ್ರೆ ಮಾಡಲಿ, ವೇದಾಂತ ಓದಲಿ. ಈ ವಯಸ್ಸಿನಲ್ಲಿ ಒಲವಿನ ಕಥೆಯೇಕೆ ಎಂಬ ಪ್ರಶ್ನೆ ಏಳುವದು. ಈ ನಗೆಯಿಂದ ಕನ್ನಡಕ್ಕಾದ ಹಾನಿಯನ್ನು ತಿಳಿಯಬೇಕೆಂಬವರು ವಡಗೇರಾದ ನೆರೆಯ ಸುರಪುರದ ಕಡೆಗೆ ದೃಷ್ಟಿ ಹೊರಳಿಸಲಿ.

ಸುರಪುರದಲ್ಲಿ ಟೇಲರ್ ಮಂಜಿಲ್ ಇಂದಿಗೂ ನಿಂತಿದೆ. ಕರ್ನಲ್ ಫಿಲಿಪ್ ಮೆಡೋಸ್ ಟೇಲರನು 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, 1824ರಲ್ಲಿ ಮುಂಬಯಿಗೆ ಬಂದು, ನಿಜಾಮರ ಸೈನ್ಯವನ್ನು ಸೇರಿದವನು. ಬಾಲರಾಜ ವೆಂಕಟಪ್ಪ ನಾಯಕನು ಪ್ರಾಪ್ತವಯಸ್ಕನಾಗುವವರೆಗೆ, 1841ರಿಂದ 1853ರ ತನಕ, ಸುರಪುರದ ಆಡಳಿತವನ್ನು ನೋಡಿಕೊಂಡನು. ಬಾಲಕನು ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. ಸೇವೆಯ ನಡುವೆ 1839 ಮತ್ತು 1840ರಲ್ಲಿ ಎರಡು ಕಾದಂಬರಿಗಳನ್ನು ಪ್ರಕಟಿಸಿದ್ದರೂ, ಆ ಬಳಿಕ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವನಿಂದ ಕಾದಂಬರಿ ಹೊರಬರಲಿಲ್ಲ. 1860ರಲ್ಲಿ ಆರೋಗ್ಯ ಕೆಟ್ಟು ಹಿಂದುಸ್ಥಾನವನ್ನು ಬಿಟ್ಟ ಮೇಲೆ ಲೇಖನಿಯು ಮತ್ತೆ ಹರಿಯಿತು: 1863ರಲ್ಲಿ ‘ತಾರಾ’, 1865ರಲ್ಲಿ ‘ರಾಲ್ಫ್ ಡಾರ್ನೆಲ್’, 1872ರಲ್ಲಿ ‘ಸೀತಾ’.

‘ತಾರಾ’ದಲ್ಲಿ ಬ್ರಾಹ್ಮಣ ಕನ್ಯೆಗೂ ವಿಜಾಪುರದ ಸರದಾರನ ಮಗನಿಗೂ ಪ್ರೇಮ, ‘ಸೀತಾ’ದಲ್ಲಿ ಹಿಂದೂ ವಿಧವೆಗೂ ಆಂಗ್ಲ ಅಧಿಕಾರಿಗೂ ವಿವಾಹ. 1857ರ ದ್ವೇಷವಿನ್ನೂ ಆರದಿದ್ದ ಕಾಲದಲ್ಲಿ ಆಂಗ್ಲನೊಬ್ಬನು ಹೀಗೆ ಬರೆದದ್ದು ಸಣ್ಣ ಮಾತಲ್ಲ. ಆದರೆ ಗಂಡನಿಗೆ ಗುರಿಯಿಟ್ಟ ಈಟಿಗೆ ಅಡ್ಡ ಬಂದು ಸೀತೆಯು ಸಾಯುವಳು; ಅಧಿಕಾರಿಯು ಮುಂದೆ ತನ್ನ ಜನಾಂಗದವಳನ್ನೇ ಮದುವೆಯಾಗುವನು. ಲೇಖಕನ ಹೃದಯವು ತೆರೆದ ಬಾಗಿಲನ್ನು ಅವನ ಕಾಲವು ಮುಚ್ಚಿತು. ಅತ್ತ ವೆಂಕಟಪ್ಪ ನಾಯಕನು 1858ರಲ್ಲಿ ಆಂಗ್ಲರ ವಿರುದ್ಧ ಎದ್ದು, ಸೆರೆಯಾಗಿ, ಅದೇ ವರ್ಷ ಮಡಿದನು. ಆತನ ಬಾಲ್ಯವನ್ನು ಹೊರಜಗತ್ತು ಬಹುಮಟ್ಟಿಗೆ ಅರಿತದ್ದು 1877ರಲ್ಲಿ ಅಚ್ಚಾದ ಟೇಲರನ ಆತ್ಮಕಥೆಯಿಂದ. ಅಂದರೆ ಕಾವಲು ಕಾಯ್ದವನ ಬಾಯಿಯಿಂದ!

ಕರ್ನಲನನ್ನು ನಾವು ದೂರುವದಿಲ್ಲ. ಅವನು ಕಂಡದ್ದನ್ನು ಅವನು ಬರೆದನು. ನಾವು ಕಂಡದ್ದನ್ನು ನಾವೇಕೆ ಬರೆಯಲಿಲ್ಲವೆಂಬುದೇ ಪ್ರಶ್ನೆ. ಅದು ನಮ್ಮವರಿಂದ ಸಾಧ್ಯವೆಂಬುದಕ್ಕೆ ಮಾಸ್ತಿಯವರೇ ಸಾಕ್ಷಿ. ಮೈಸೂರು ಸರಕಾರದ ಉನ್ನತ ಹುದ್ದೆಗೆ ರಾಜೀನಾಮೆಯಿತ್ತು ಬಂದ ಅವರು 1956ರಲ್ಲಿ ‘ಚಿಕವೀರ ರಾಜೇಂದ್ರ’ವನ್ನು ಪ್ರಕಟಿಸಿ, ಆಂಗ್ಲರು ಪದಚ್ಯುತಗೊಳಿಸಿದ ಕೊಡಗಿನ ಅರಸನ ಕಥೆಯನ್ನು ಕನ್ನಡಿಗರ ಕಣ್ಣಿನಿಂದ ಕಾಣಿಸಿದರು. 1983ರ ಜ್ಞಾನಪೀಠವು ಅವರನ್ನು ಹುಡುಕಿಕೊಂಡು ಬಂದಿತು.

ವಡಗೇರಾ ಈಗ ತಾಲ್ಲೂಕಿನ ಸ್ಥಳ. ಅಲ್ಲಿಯೂ ಶಹಾಪುರ, ಸುರಪುರಗಳಲ್ಲಿಯೂ ಮೂವತ್ತು ವರ್ಷ ದಫ್ತರ ನೋಡಿದ ಶಿರಸ್ತೇದಾರರು, ಮಾಸ್ತರರು ಇದ್ದಾರೆ. ಯಾವ ಮದುವೆ ಜಾತಿಯಿಂದ ಮುರಿಯಿತು, ಯಾವ ಹೆಣ್ಣುಮಗಳು ಯಾರ ದಾರಿ ಕಾಯ್ದಳು ಎಂಬುದನ್ನು ಅವರಷ್ಟು ಬಲ್ಲವರಾರು? ಅರ್ಜಿಯ ಭಾಷೆಯಲ್ಲಿ ಹೇಳಲಾಗದ ಸತ್ಯಕ್ಕೆ ಕಾದಂಬರಿಯೇ ತಕ್ಕ ಪಾತ್ರೆ. ಅಂಥವರು ಬರೆಯಲು ಕುಳಿತರೆ ನಗದಿರುವದು ಸಮಾಜದ ಮೊದಲನೆಯ ಕರ್ತವ್ಯ. ಕೊಂಡು ಓದುವದು ಎರಡನೆಯದು. ಸೀತೆಯನ್ನು ಬದುಕಿಸುವ ಕಥೆಯು ಕೃಷ್ಣಾ-ಭೀಮೆಯರ ನಡುವಿನ ಈ ನೆಲದಿಂದ, ಕನ್ನಡದಲ್ಲಿ ಬರಲೆಂದು ನಾವು ಹಾರೈಸುವೆವು.