ಹರಾಜೋ, ಒಳಸಂಚೋ?

ಟೊಮೆಟೊ ಬೆಲೆ ಕುಸಿದಾಗ ರೈತ ಅದನ್ನು ರಸ್ತೆಗೆ ಸುರಿಯುತ್ತಾನೆ. ಈರುಳ್ಳಿ ಬೆಲೆ ಏರಿದಾಗ ಗೃಹಿಣಿ ಬರಿಗೈಯಲ್ಲಿ ಮರಳುತ್ತಾಳೆ. 2010ರ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ಈರುಳ್ಳಿ ಕಿಲೋಗೆ 80 ರೂಪಾಯಿ ಮುಟ್ಟಿತು. 2019ರ ಡಿಸೆಂಬರಿನಲ್ಲಿ ಹಲವು ನಗರಗಳಲ್ಲಿ 100 ದಾಟಿತು. ಆಗೆಲ್ಲ ನಾವು ಮಳೆಯನ್ನು ದೂರಿದೆವು, ಸರಕಾರವನ್ನು ಶಪಿಸಿದೆವು. ಇವರಿಬ್ಬರ ನಡುವೆ ನಿಂತಿರುವ ಮಂಡಿಯ ಕಡೆಗೆ ಮಾತ್ರ ನಮ್ಮ ದೃಷ್ಟಿ ಹರಿಯಲೇ ಇಲ್ಲ.

ಹರಾಜೆಂದರೆ ಪೈಪೋಟಿ. ಆದರೆ ಇಂತಿಷ್ಟಕ್ಕಿಂತ ಮೇಲೆ ಯಾರೂ ಕೂಗಬಾರದೆಂದು ಖರೀದಿದಾರರು ಮೊದಲೇ ನಿಶ್ಚಯಿಸಿಕೊಂಡರೆ ಅದು ಹರಾಜಲ್ಲ, ನಾಟಕ. ರೈತ ಸರಕನ್ನು ಮರಳಿ ಒಯ್ಯಲಾರ. ಲಾರಿ ಬಾಡಿಗೆ ಕೊಟ್ಟಾಗಿದೆ, ತರಕಾರಿ ಸಂಜೆಗೆ ಬಾಡುತ್ತದೆ. ಎಷ್ಟೋ ಸಲ ಬಿತ್ತನೆಗೆ ಮುಂಗಡ ಕೊಟ್ಟವನೂ ಅದೇ ದಲ್ಲಾಳಿ. ಸ್ಪರ್ಧಾ ಆಯೋಗಕ್ಕಾಗಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯು ಮಹಾರಾಷ್ಟ್ರ ಹಾಗೂ ಕರ್ನಾಟಕದ ಈರುಳ್ಳಿ ಮಾರುಕಟ್ಟೆಗಳ ಅಧ್ಯಯನ ನಡೆಸಿ 2012ರಲ್ಲಿ ವರದಿ ನೀಡಿತು. ಕೆಲವೇ ಹಳೆಯ ವ್ಯಾಪಾರಿಗಳ ಹಿಡಿತವನ್ನು ಆ ವರದಿ ಬಯಲು ಮಾಡಿತ್ತು.

ಹಾಗಾದರೆ ಕಾನೂನು ಇಲ್ಲವೇ? ಇದೆ. 2002ರ ಸ್ಪರ್ಧಾ ಕಾಯ್ದೆಯ ಪ್ರಕಾರ ದರಕೂಟ ರಚಿಸಿದವರಿಗೆ, ಒಪ್ಪಂದ ನಡೆದ ಪ್ರತಿ ವರ್ಷಕ್ಕೂ ಲಾಭದ ಮೂರು ಪಟ್ಟು ಅಥವಾ ವಹಿವಾಟಿನ ಶೇ. 10, ಇವುಗಳಲ್ಲಿ ಹೆಚ್ಚಿನದರಷ್ಟು ದಂಡ ವಿಧಿಸಬಹುದು. ಆದರೆ ಬಿಳಿ ಚೀಟಿಯಲ್ಲಿ ವ್ಯವಹಾರ ಮುಗಿಸುವವನ ವಹಿವಾಟನ್ನು ಅಳೆಯುವವರು ಯಾರು? ಸಿಮೆಂಟ್ ಕಂಪೆನಿಗಳಿಗೆ ಆಯೋಗವು 2012ರಲ್ಲಿ ಸುಮಾರು 6,300 ಕೋಟಿ ರೂಪಾಯಿ ದಂಡ ವಿಧಿಸಿತು. ಅದು ಮೇಲ್ಮನವಿಯಲ್ಲಿ ರದ್ದಾಗಿ, ಮರುವಿಚಾರಣೆಯ ಬಳಿಕ 2016ರಲ್ಲಿ ಮತ್ತೆ ವಿಧಿಸಲ್ಪಟ್ಟಿತು. ಲೆಕ್ಕಪತ್ರವಿರುವ ಕಂಪೆನಿಗಳ ಕಥೆಯೇ ಹೀಗಾದರೆ, ಎರಡು ದಿನದಲ್ಲಿ ಕೊಳೆಯುವ ಟೊಮೆಟೊಗೆ ನ್ಯಾಯ ಯಾವಾಗ?

ಇನ್ನೊಂದು ವಿಪರ್ಯಾಸವಿದೆ. ವಸೂಲಾದ ದಂಡ ಸೇರುವುದು ಕೇಂದ್ರದ ಸಂಚಿತ ನಿಧಿಗೆ. ಮೋಸ ಹೋದ ರೈತ ಪರಿಹಾರ ಬೇಕೆಂದರೆ ಮೇಲ್ಮನವಿ ನ್ಯಾಯಮಂಡಳಿಗೆ ಪ್ರತ್ಯೇಕ ಅರ್ಜಿ ಸಲ್ಲಿಸಬೇಕು. ಕೋಲಾರದ ಸಣ್ಣ ರೈತನಿಂದ ಇದು ಸಾಧ್ಯವೇ?

ಎಲ್ಲ ವ್ಯಾಪಾರಿಗಳೂ ವಂಚಕರೆಂದು ಯಾರೂ ಹೇಳುವುದಿಲ್ಲ. ನಮ್ಮ ಪಟ್ಟಣಗಳಲ್ಲಿ ಹಣ್ಣು-ತರಕಾರಿ ಮಾರಿಯೇ ಬದುಕುವ ಅಸಂಖ್ಯ ಕುಟುಂಬಗಳಿವೆ. ಮಂಡಿ ಹೇಳಿದ ದರಕ್ಕೆ ಕೊಂಡು, ಗಿರಾಕಿಯ ಬೈಗುಳ ತಿನ್ನುವ ತಳ್ಳುಗಾಡಿಯವನೂ ಈ ಸಂಚಿನ ಬಲಿಪಶುವೇ. ಆದ್ದರಿಂದ ಪ್ರಾಮಾಣಿಕ ವ್ಯಾಪಾರಿಗಳೇ ಮೊದಲು ಧ್ವನಿಯೆತ್ತಬೇಕು.

ದಲ್ಲಾಳಿ ಅಂಜುವುದು ದಿಲ್ಲಿಯ ದಂಡಕ್ಕಲ್ಲ, ಪರವಾನಗಿ ಹೋಗುವುದಕ್ಕೆ. ಅದನ್ನು ರದ್ದುಪಡಿಸುವ ಅಧಿಕಾರ ಮಾರುಕಟ್ಟೆ ಸಮಿತಿಗಿದೆ. ಆದರೆ ಆ ಸಮಿತಿಯಲ್ಲಿ ವರ್ತಕರ ಪ್ರತಿನಿಧಿಯೂ ಕುಳಿತಿರುತ್ತಾನೆ! ಪರವಾನಗಿಯ ತೀರ್ಮಾನ ಸ್ವತಂತ್ರ ಅಧಿಕಾರಿಯ ಕೈಗೆ ಬರಲಿ, ಪ್ರತಿ ಹರಾಜಿನ ಕೂಗೂ ದಾಖಲಾಗಲಿ, ದಂಡದ ಹಣ ರೈತನಿಗೆ ಮರಳಲಿ. ಇಷ್ಟಾಗದಿದ್ದರೆ ಶೇ. 10ರ ದಂಡವೆಂಬುದು ಕಾಯ್ದೆ ಪುಸ್ತಕದ ಅಲಂಕಾರವಷ್ಟೇ.