ಊರ ಹಳ್ಳದ ಹೆಸರು ಅರಿಯದ ಮಕ್ಕಳು

ಮನುಷ್ಯನನ್ನು ರೂಪಿಸುವವರು ಯಾರೆಂದು ಕೇಳಿದರೆ ತಾಯಿತಂದೆ, ಗುರು, ಗ್ರಂಥ ಎಂಬ ಉತ್ತರ ಥಟ್ಟನೆ ಬರುತ್ತದೆ. ಮನೆಗೂ ಶಾಲೆಗೂ ನಡುವಣ ಹಾದಿಯನ್ನು ಯಾರೂ ಹೆಸರಿಸುವುದಿಲ್ಲ. ಆ ಹಾದಿಯಲ್ಲಿ ದಾಟಬೇಕಾದ ಕಾಲುಸಂಕ, ಮಳೆಗಾಲದಲ್ಲಿ ಕಾಲಿಗೆ ಹತ್ತುವ ಉಂಬಳ, ನೇರಳೆ ಹಣ್ಣು ಉದುರುವ ತಿರುವು, ಗದರಿಸಿ ಕರೆದು ಮಜ್ಜಿಗೆ ಕೊಡುವ ನೆರೆಮನೆಯ ಅಜ್ಜಿ, ಇವೆಲ್ಲವೂ ಮಗುವಿಗೆ ಪಾಠ ಹೇಳುತ್ತವೆ. ಮಲೆನಾಡಿನಲ್ಲಿ ಇಂದು ಈ ಪಾಠಶಾಲೆಯೇ ಸದ್ದಿಲ್ಲದೆ ಮುಚ್ಚುತ್ತಿದೆ. ಕಾಡು ಕಡಿದಾಗ ಕೊಡಲಿಯ ಸದ್ದಾದರೂ ಕೇಳುತ್ತದೆ. ಇದು ಮುಚ್ಚುವಾಗ ಅದೂ ಇಲ್ಲ.

ಬಾಲ್ಯದ ನೆರೆಹೊರೆ ಒಬ್ಬ ವ್ಯಕ್ತಿಯನ್ನು ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದಕ್ಕೆ ಆಫ್ರಿಕದ ಕೀನ್ಯಾ ದೇಶದ ವಂಗಾರಿ ಮಾಥಾಯಿ ಅವರ ಬದುಕು ಒಳ್ಳೆಯ ನಿದರ್ಶನ. 1940ರಲ್ಲಿ ನ್ಯೇರಿ ಪ್ರದೇಶದ ಇಹಿತೆ ಎಂಬ ಬೆಟ್ಟದ ಹಳ್ಳಿಯಲ್ಲಿ ಹುಟ್ಟಿದ ಅವರು ಎಳವೆಯಲ್ಲಿ ತಾಯಿಗಾಗಿ ನೀರು ತರಲು ಮನೆಯ ಪಕ್ಕದ ತೊರೆಗೆ ಹೋಗುತ್ತಿದ್ದರು. ಅಲ್ಲಿ ಮಣಿಸರದಂತೆ ಕಾಣುವ ಕಪ್ಪೆಯ ಮೊಟ್ಟೆಗಳನ್ನು ಎತ್ತಿಕೊಳ್ಳಲು ಹೋದರೆ ಅವು ಕೈಗೆ ಸಿಗದೆ ಹರಿದುಹೋಗುತ್ತಿದ್ದವು. ಕೆಲವು ದಿನಗಳ ಬಳಿಕ ಅದೇ ನೀರಿನಲ್ಲಿ ಗೊದಮೊಟ್ಟೆಗಳು ಈಜುತ್ತಿದ್ದವು. ಸಮೀಪದಲ್ಲೇ ಅತ್ತಿಯ ಜಾತಿಗೆ ಸೇರಿದ ಒಂದು ಹೆಮ್ಮರವಿತ್ತು. ಅದರ ಒಣಪುಳ್ಳೆಯನ್ನೂ ಸೌದೆಗೆ ಆಯಬಾರದು, ಅದು ದೇವರ ಮರ ಎಂದು ತಾಯಿ ತಿಳಿಹೇಳಿದ್ದರು.

1960ರ ದಶಕದಲ್ಲಿ ಅಮೆರಿಕದಲ್ಲಿ ಜೀವಶಾಸ್ತ್ರ ಓದಿ ಮರಳಿದ ಮೇಲೆ ಅವರು ಕಂಡದ್ದೇ ಬೇರೆ. ಹೊಸ ಒಡೆಯ ಚಹಾ ಬೆಳೆಯಲೆಂದು ಮರವನ್ನು ಕಡಿಸಿದ್ದ, ತೊರೆ ಬತ್ತಿತ್ತು. ಆ ಮರದ ಬೇರುಗಳು ಆಳಕ್ಕಿಳಿದು ಮಣ್ಣನ್ನು ಹಿಡಿದು, ಬಂಡೆಯ ಕೆಳಗಿನ ನೀರಿಗೆ ದಾರಿ ಮಾಡಿಕೊಡುತ್ತಿದ್ದವು ಎಂಬ ಸಂಬಂಧವನ್ನು ವಿಜ್ಞಾನ ಅವರಿಗೆ ತಿಳಿಸಿಕೊಟ್ಟಿತು. ಆದರೆ ಅಲ್ಲಿ ಏನೋ ಕಳೆದುಹೋಗಿದೆ ಎಂಬ ಅರಿವನ್ನು ಕೊಟ್ಟದ್ದು ಬಾಲ್ಯ. ತೊರೆಯನ್ನು ಕಂಡಿರದ ವಿಜ್ಞಾನಿಗೆ ಅಲ್ಲಿ ಕಾಣುತ್ತಿದ್ದುದು ಚಹಾದ ನೆಲ ಮಾತ್ರ. 1977ರಲ್ಲಿ ಮಾಥಾಯಿ ಹಸಿರು ಪಟ್ಟಿ ಚಳವಳಿಯನ್ನು ಆರಂಭಿಸಿದರು; ಹಳ್ಳಿಯ ಹೆಂಗಸರು ಕೋಟಿಗಟ್ಟಲೆ ಸಸಿ ನೆಟ್ಟರು. 2004ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಸ್ವೀಕರಿಸಿ ಮಾತನಾಡಿದಾಗಲೂ ಅವರು ನೆನೆದದ್ದು ಗೊದಮೊಟ್ಟೆಗಳ ಆ ತೊರೆಯನ್ನೇ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರು ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ತಾಯಿಯೊಡನೆ ಅರಣ್ಯ ಇಲಾಖೆಯ ಸಸ್ಯಪಾಲನಾ ಕೇಂದ್ರಕ್ಕೆ ಕೂಲಿಗೆ ಹೋದವರು. ಹಾಲಕ್ಕಿ ಒಕ್ಕಲು ಸಮುದಾಯದ ಈ ಹೆಣ್ಣುಮಗಳು ಶಾಲೆಯ ಮುಖ ಕಾಣಲಿಲ್ಲ. ಆದರೂ ಯಾವ ಮರ ತಾಯಿಮರ, ಅದರ ಬೀಜವನ್ನು ಯಾವಾಗ ಆಯ್ದು ಹೇಗೆ ಮೊಳೆಸಬೇಕು ಎಂಬುದರಲ್ಲಿ ಅವರ ಮಾತಿಗೆ ಅಧಿಕಾರಿಗಳೂ ಕಿವಿಗೊಡುತ್ತಿದ್ದರು. 2021ರಲ್ಲಿ ಬರಿಗಾಲಿನಲ್ಲಿ ನಡೆದು ಪದ್ಮಶ್ರೀ ಸ್ವೀಕರಿಸಿದ ಅವರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರಿಗೆ ಅಕ್ಷರವನ್ನು ನಿರಾಕರಿಸಿದ ಬಡತನವನ್ನು ಹೊಗಳಬೇಕಾದ ಅಗತ್ಯವಿಲ್ಲ. ಆದರೆ ಅವರ ಅರಿವು ಎಲ್ಲಿಂದ ಬಂತು ಎಂಬುದನ್ನು ಮರೆಯುವಂತೆಯೂ ಇಲ್ಲ.

ನೆರೆಹೊರೆ ಕಲಿಸುವುದೆಲ್ಲವೂ ಒಳಿತೇ ಎಂದು ಭಾವಿಸಿದರೆ ಅದು ಆತ್ಮವಂಚನೆಯಾದೀತು. ಯಾರು ಜಗುಲಿ ಹತ್ತಬಹುದು, ಯಾರು ಅಂಗಳದಾಚೆ ನಿಲ್ಲಬೇಕು, ಯಾವ ಕೇರಿಯವರು ಯಾವ ಬಾವಿಯ ನೀರು ಸೇದಬೇಕು ಎಂಬುದನ್ನೂ ಮಗು ಕಲಿತದ್ದು ಅದೇ ಊರಿನಲ್ಲಿ. ಒಂದೇ ಊರು ಒಬ್ಬನಿಗೆ ಗತ್ತನ್ನು, ಇನ್ನೊಬ್ಬನಿಗೆ ಅಳುಕನ್ನು ಕಲಿಸಿದೆ. ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರು ಬಾಲ್ಯದ ಮಲೆನಾಡನ್ನು ಪ್ರೀತಿಸಿದರು. ಹಾಗೆಂದು ಅದರ ಮೇಲುಕೀಳುಗಳನ್ನು ಮರೆಮಾಚಲಿಲ್ಲ. 1936ರ ‘ಕಾನೂರು ಹೆಗ್ಗಡಿತಿ’ಯಲ್ಲೂ 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲೂ ಕಾಡಿನ ಚೆಲುವಿನೊಡನೆ ದೊಡ್ಡ ಮನೆಗಳ ದರ್ಪವೂ ಇದೆ. ಹುಟ್ಟಿದ ನೆಲಕ್ಕೆ ಸಲ್ಲಿಸಬೇಕಾದ ಋಣವೆಂದರೆ ಹೀಗೆ ಎರಡನ್ನೂ ಕಾಣುವುದು.

ಇಂದಿನ ಮಗುವಿನ ದಿನಚರಿ ಬೇರೆ. ಬೆಳಕು ಹರಿಯುವ ಹೊತ್ತಿಗೆ ವ್ಯಾನು ಬಂದು ನಿಲ್ಲುತ್ತದೆ. ಪೇಟೆಯ ಶಾಲೆ ಮುಗಿಸಿ ಮರಳುವಾಗ ಕತ್ತಲೆ. ಹಾದಿಯ ಹಳ್ಳ ಗಾಜಿನಾಚೆ ಸರಿದುಹೋಗುತ್ತದೆ. ಕೆಲವು ವರ್ಷ ಕಳೆದರೆ ವಿದ್ಯಾರ್ಥಿನಿಲಯ, ಆಮೇಲೆ ಬೆಂಗಳೂರು. ಹೆತ್ತವರನ್ನು ದೂರಿ ಫಲವಿಲ್ಲ. ಊರ ಶಾಲೆಯಲ್ಲಿ ಮಕ್ಕಳು ಕಡಿಮೆಯಾದಂತೆಲ್ಲ ಉಳಿದವರಿಗೂ ಪೇಟೆಯೇ ಗತಿಯಾಗುತ್ತದೆ. ಊರಲ್ಲೇ ಉಳಿಯಿರಿ ಎಂದು ಎಳೆಯರಿಗೆ ಉಪದೇಶಿಸುವುದೂ ಅನ್ಯಾಯ. ಮಾಥಾಯಿ ಅವರೂ ಊರು ಬಿಟ್ಟು ಓದಲು ಹೋದವರೇ, ಕುವೆಂಪು ಅವರೂ ಮೈಸೂರಿನಲ್ಲಿ ನೆಲೆ ನಿಂತವರೇ. ಮಗು ಊರು ಬಿಡುವುದಕ್ಕೆ ಮೊದಲು ಊರನ್ನು ಅರಿತಿತ್ತೇ ಎಂಬುದಷ್ಟೇ ಪ್ರಶ್ನೆ.

ಈ ಪ್ರಶ್ನೆಯ ಮೇಲೆ ಕಾಡಿನ ಅಳಿವು ಉಳಿವು ನಿಂತಿದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಯುವಕರೂ ಹೆಂಗಸರೂ ಕಳಾಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೊ ಚಳವಳಿ ಹುಟ್ಟಿತು. ಅವರಿಗೆ ಆ ಕಾಡು ಸೊಪ್ಪು, ಸೌದೆ, ನೀರು, ಜೇನು ಕೊಟ್ಟ ಬಾಲ್ಯದ ಬೀದಿಯಾಗಿತ್ತು; ಅದನ್ನು ಗುರುತಿಸಲು ನಕ್ಷೆ ಬೇಕಾಗಿರಲಿಲ್ಲ. ನಾಳೆ ಇನ್ನೊಂದು ಯೋಜನೆಯ ಕಡತ ಬಂದಾಗ, ಆ ಹಳ್ಳದಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ ಎಂದು ಎದ್ದುನಿಂತು ಹೇಳಬಲ್ಲವರು ಊರಲ್ಲಿ ಯಾರಿರುತ್ತಾರೆ?

ಜೂನ್ ಐದರಂದು ಒಂದು ಸಸಿ ನೆಟ್ಟು ಭಾವಚಿತ್ರ ತೆಗೆಸಿಕೊಂಡರೆ ಇದಕ್ಕೆ ಪರಿಹಾರ ದೊರೆಯದು. ಪ್ರತಿಯೊಂದು ಊರ ಶಾಲೆಯೂ ಒಂದು ಹಳ್ಳವನ್ನು ತನ್ನದಾಗಿಸಿಕೊಂಡು, ಅದು ಹುಟ್ಟುವ ಕಾನಿನಿಂದ ಹೊಳೆ ಸೇರುವವರೆಗೆ ವರ್ಷಕ್ಕೆರಡು ಬಾರಿ, ಮಳೆ ಮುಗಿದಾಗೊಮ್ಮೆ, ಬೇಸಿಗೆಯಲ್ಲೊಮ್ಮೆ, ಮಕ್ಕಳನ್ನು ನಡೆಸಬೇಕು. ರಜೆಗೆ ಬರುವ ಕಾಲೇಜು ವಿದ್ಯಾರ್ಥಿಗಳು ಹಿರಿಯರ ಜೊತೆ ಕುಳಿತು ಗಿಡಮರಗಳ, ಗುಡ್ಡ ತಿರುವುಗಳ ಊರ ಹೆಸರುಗಳನ್ನು ಬರೆದಿಡಬೇಕು. ಹೀಗೆ ಬರೆಯುವಾಗ ಬುಟ್ಟಿ ಹೆಣೆಯುವವರ, ಜೇನು ಕೀಳುವವರ, ಸೊಪ್ಪು ಹೊರುವ ಹೆಂಗಸರ ಕೇರಿಗೆ ಮೊದಲು ಹೋಗಬೇಕು. ಕಾಡನ್ನು ಹತ್ತಿರದಿಂದ ಕಂಡವರು ಅವರು. ಎಲ್ಲ ಕೇರಿಗಳ ಮಕ್ಕಳೂ ಒಂದೇ ಸಾಲಿನಲ್ಲಿ ಆ ಹಳ್ಳದ ಜಾಡು ಹಿಡಿದು ನಡೆದರೆ, ಹಳೆಯ ನೆರೆಹೊರೆ ಕಲಿಸಿದ ಕೆಟ್ಟ ಪಾಠವೊಂದು ಅಲ್ಲೇ ಸಡಿಲವಾದೀತು.

ಇದಕ್ಕೆ ಅನುದಾನ ಬೇಕಿಲ್ಲ, ಸರ್ಕಾರಿ ಆದೇಶವೂ ಬೇಕಿಲ್ಲ. ಬೇಕಾದುದು ಒಂದು ಭಾನುವಾರ, ಮಕ್ಕಳೊಡನೆ ನಡೆಯಲು ಒಪ್ಪುವ ಒಬ್ಬ ಹಿರಿಯರು. ಹೆಸರು ಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ ಎಂಬುದನ್ನು ನೆನೆದರೆ, ಆ ಭಾನುವಾರವನ್ನು ಮುಂದೂಡುವುದು ತರವಲ್ಲ.