ಚಾಮರಕ್ಕಿಲ್ಲದ ಮೈಲಿಗೆ

ಹೆರಿಗೆಯಾದ ಮನೆಗೆ ಸೂತಕ, ಸಗಣಿ ಸಾರಿಸಿದ ಒಲೆಗೆ ಮಡಿ. ಈ ಲೆಕ್ಕ ನಮಗೆಲ್ಲ ಬಾಯಿಪಾಠ. ಐನೂರು ವರ್ಷಗಳ ಹಿಂದೆ ಪಂಜಾಬಿನಲ್ಲಿ ಗುರು ನಾನಕರು ಇದನ್ನೇ ತಲೆಕೆಳಗು ಮಾಡಿದರು. ಹುಟ್ಟೇ ಮೈಲಿಗೆಯಾದರೆ ಸಗಣಿಯಲ್ಲೂ ಸೌದೆಯಲ್ಲೂ ಹುಳುವಿದೆ, ಕಾಳುಕಾಳಿನಲ್ಲೂ ಜೀವವಿದೆ, ನೀರೇ ಮೊದಲ ಜೀವ. ಹಾಗಿರುವಾಗ ಅಡುಗೆಮನೆಯನ್ನು ಸೂತಕದಿಂದ ಕಾಯುವುದು ಹೇಗೆ ಎಂದು ಕೇಳಿದರು. ಸೂತಕ ಬೇಕಿದ್ದರೆ ಲೋಭದಲ್ಲಿ, ಸುಳ್ಳಾಡುವ ನಾಲಿಗೆಯಲ್ಲಿ ಹುಡುಕಿ ಎಂದರು. ಬಾಣಂತಿಯನ್ನು ಮೂಲೆಗೆ ಕೂರಿಸುವವರಿಗೆ ಇದಕ್ಕಿಂತ ನೇರವಾದ ಪ್ರಶ್ನೆಯನ್ನು ನಾನು ಕಂಡಿಲ್ಲ. ಮಾಂಸ ತಿನ್ನುವ, ಬಿಡುವ ಜಗಳವನ್ನೂ ಅವರು ಹೀಗೆಯೇ ಹಂಗಿಸಿದ್ದುಂಟು.

ಸೂತಕದ ಈ ಮಾತು ಬರುವುದು 'ಆಸಾ ದಿ ವಾರ್'ನಲ್ಲಿ. ಅಮೃತಸರದ ಹರ್‌ಮಂದಿರ್ ಸಾಹಿಬ್‌ನಲ್ಲಿ ದಿನವೂ ಬೆಳಗಿನ ಜಾವ ಅದನ್ನು ಹಾಡುತ್ತಾರೆ. ಹಾಡುತ್ತ ಬಂದವರು ಮಾತ್ರ ಗಂಡಸರೇ!

ಹಾಡಿಗೆ ತಬಲ ಬೇಕು. ಅದರ ಮೇಲಿರುವುದು ಆಡಿನ ಚರ್ಮ. ಗುರು ಗ್ರಂಥ ಸಾಹಿಬ್‌ಗೆ ಬೀಸುವ ಚಾಮರ ಯಾಕ್ ಬಾಲದ ಕೂದಲಿನದು. (ಈಗೀಗ ನೈಲಾನಿನದೂ ಬಂದಿದೆ.) ಚರ್ಮದ ಚಪ್ಪಲಿ ಹೊರಗೆ, ಚರ್ಮದ ತಬಲ ಒಳಗೆ. ಇರಲಿ, ನನ್ನ ತಕರಾರು ಆಡಿನ ಮೇಲೂ ಅಲ್ಲ, ಯಾಕ್ ಮೇಲೂ ಅಲ್ಲ. ಸತ್ತ ಪ್ರಾಣಿಯ ತೊಗಲಿಗೆ ಸಿಕ್ಕ ಜಾಗ ಬದುಕಿರುವ ಹೆಂಗಸಿನ ಕಂಠಕ್ಕೇಕಿಲ್ಲ?

2003ರಲ್ಲಿ ಇಂಗ್ಲೆಂಡಿನಿಂದ ಬಂದ ಇಬ್ಬರು ದೀಕ್ಷಿತ ಮಹಿಳೆಯರು ಅಲ್ಲಿ ರಾತ್ರಿಯ ಸುಖಾಸನ ಸೇವೆಗೆ ಹೋದಾಗ ಅವರನ್ನು ತಡೆದರು. 2019ರ ನವೆಂಬರಿನಲ್ಲಿ ಪಂಜಾಬ್ ವಿಧಾನಸಭೆಯೇ, ಹೆಂಗಸರಿಗೂ ಅಲ್ಲಿ ಕೀರ್ತನೆಗೆ ಅವಕಾಶ ಕೊಡಿ ಎಂದು ನಿರ್ಣಯ ಮಾಡಿತು. ಉತ್ತರ ಗೊತ್ತಿದ್ದದ್ದೇ: ಪರಂಪರೆ. 1945ರಲ್ಲಿ ಒಪ್ಪಿತವಾದ ಸಿಖ್ಖರ ನಡಾವಳಿ, 'ರೆಹತ್ ಮರ್ಯಾದೆ'ಯಲ್ಲಿ ಹೆಣ್ಣು ಹಾಡಬಾರದೆಂಬ ಮಾತೇ ಇಲ್ಲ. ಬೇರೆ ಗುರುದ್ವಾರಗಳಲ್ಲಿ ಅವಳು ಹಾಡುತ್ತಲೇ ಇದ್ದಾಳೆ. ಅಲ್ಲೆಲ್ಲ ಕೆಡದ ಶುದ್ಧಿ ಇಲ್ಲೊಂದೆಡೆ ಕೆಡುವುದು ಹೇಗಮ್ಮಾ?

ಅವರ ಮನೆಯ ವಿಷಯ ನಿನಗೇಕೆ ಎನ್ನುವವರುಂಟು. ಬೀದರಿನ ನಾನಕ್ ಝೀರಾದಲ್ಲಿ ನಾನೂ ಪಂಕ್ತಿಯಲ್ಲಿ ಕೂತು ಲಂಗರ್ ಉಂಡವಳು. ಪಕ್ಕದಲ್ಲಿ ಕೂತವರು ನನ್ನ ಜಾತಿ ಕೇಳಲಿಲ್ಲ, ಇವತ್ತು ಎಷ್ಟನೇ ದಿನವೆಂದೂ ಕೇಳಲಿಲ್ಲ. ಅದೇ ಬೀದರಿನ ಕ್ಷೌರಿಕ ಕುಲದ ಸಾಹಿಬ್ ಸಿಂಗ್ 1699ರಲ್ಲಿ ಖಾಲ್ಸಾದ ಮೊದಲ ಐವರಲ್ಲಿ ಒಬ್ಬನಾದ. ಅವನನ್ನು ಒಳಗೆ ಕರೆದ ಗುರುಪರಂಪರೆಯ ಯಾವ ಸಾಲಿನಲ್ಲಿ ನಮ್ಮ ದನಿಗೆ ತಡೆಯಿದೆ, ತೋರಿಸಲಿ.